ಶಾಂತವೇರಿ ಗೋಪಾಲಗೌಡ ಮತ್ತು ಮಲೆನಾಡಿನ ಸಮಾಜವಾದಿ ಪಕ್ಷ

ಶಾಂತವೇರಿ ಗೋಪಾಲಗೌಡರು ಎಂದೂ ಮಂತ್ರಿಯಾಗಲಿಲ್ಲ. ಮೂರು ಬಾರಿ ಶಾಸಕರಾದರು, ಒಮ್ಮೆ ಸೋತರು, 49ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರ ಪಕ್ಷ ಮೈಸೂರು ವಿಧಾನಸಭೆಯಲ್ಲಿ ಆರಕ್ಕಿಂತ ಹೆಚ್ಚು ಸ್ಥಾನಗಳನ್ನು ಅವರ ಜೀವಿತಾವಧಿಯಲ್ಲಿ ಕಾಣಲಿಲ್ಲ. ಹೀಗಿದ್ದೂ ಕರ್ನಾಟಕದ ಭೂಸುಧಾರಣೆಯ ಚರಿತ್ರೆಯನ್ನು ಅವರ ಹೆಸರಿಲ್ಲದೆ ಬರೆಯಲಾಗದು. ಸಂಖ್ಯೆಗೂ ಪ್ರಭಾವಕ್ಕೂ ನಡುವಿನ ಈ ಅಂತರವೇ ಅವರ ಜೀವನವನ್ನು ಮತ್ತೆ ಮತ್ತೆ ಗಮನಿಸುವಂತೆ ಮಾಡುತ್ತದೆ.

ಗೋಪಾಲಗೌಡರು 1923ರ ಮಾರ್ಚ್ 14ರಂದು ಜನಿಸಿದರು. ಹುಟ್ಟೂರು ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನ ಶಾಂತವೇರಿ. ವಿದ್ಯಾರ್ಥಿಯಾಗಿದ್ದಾಗಲೇ 1942ರ ಕ್ವಿಟ್ ಇಂಡಿಯಾ ಚಳವಳಿಗೆ ಧುಮುಕಿ ಸೆರೆಮನೆ ಸೇರಿದರು. ಸ್ವಾತಂತ್ರ್ಯ ಬಂದ ಮೇಲೆ ಅವರ ವಾರಿಗೆಯ ಹಲವರು ಕಾಂಗ್ರೆಸ್ಸಿನಲ್ಲಿ ನೆಲೆ ಕಂಡುಕೊಂಡರೆ, ಅವರು ಜಯಪ್ರಕಾಶ ನಾರಾಯಣ, ರಾಮಮನೋಹರ ಲೋಹಿಯಾ ಮೊದಲಾದವರಿದ್ದ ಸಮಾಜವಾದಿ ಪಕ್ಷವನ್ನು ಆರಿಸಿಕೊಂಡರು. ಅಂದಿನ ಮೈಸೂರು ಸಂಸ್ಥಾನದಲ್ಲಿ ಆ ಪಕ್ಷಕ್ಕೆ ಹಣವೂ ಇರಲಿಲ್ಲ, ಜಾತಿಯ ಬಲವೂ ಇರಲಿಲ್ಲ.

ಪಕ್ಷಕ್ಕೆ ಬೇರು ಕೊಟ್ಟದ್ದು ಕಾಗೋಡು. ಸಾಗರದ ಸಮೀಪದ ಈ ಹಳ್ಳಿಯಲ್ಲಿ ಭೂಮಿ ಒಡೆಯರದು, ಉಳುಮೆ ದೀವರ ಸಮುದಾಯದ ಗೇಣಿದಾರರದು. ಸುಗ್ಗಿ ಮುಗಿದಾಗ ಗೇಣಿಯ ಭತ್ತವನ್ನು ಕೊಳಗದಲ್ಲಿ ಅಳೆದು ಕೊಡಬೇಕಿತ್ತು. ಆದರೆ ಒಡೆಯರ ಮನೆಯ ಕೊಳಗ ಸರ್ಕಾರ ನಿಗದಿಪಡಿಸಿದ ಅಳತೆಗಿಂತ ದೊಡ್ಡದು. ಎಷ್ಟು ಕೊಳಗ ಎಂಬ ಲೆಕ್ಕ ಬದಲಾಗದೆಯೇ ಗೇಣಿ ಮಾತ್ರ ಹೆಚ್ಚುತ್ತಿತ್ತು. ಕೊಟ್ಟದ್ದಕ್ಕೆ ರಸೀದಿ ಇಲ್ಲ. ರಸೀದಿ ಇಲ್ಲದವನು ತಾನು ಗೇಣಿದಾರನೆಂದು ಸಾಬೀತುಪಡಿಸುವಂತಿಲ್ಲ. ಶಾಲಾ ಶಿಕ್ಷಕರಾಗಿದ್ದ ಎಚ್. ಗಣಪತಿಯಪ್ಪನವರು ಸಾಗರ ತಾಲ್ಲೂಕಿನಲ್ಲಿ ರೈತ ಸಂಘವನ್ನು ಕಟ್ಟಿ ಈ ಪ್ರಶ್ನೆಯನ್ನು ಮೊದಲು ಎತ್ತಿದ್ದರು. ಆ ಗೌರವ ಅವರಿಗೇ ಸಲ್ಲಬೇಕು. ಗೋಪಾಲಗೌಡರನ್ನು ಮಾತ್ರ ನೆನೆದು ಗಣಪತಿಯಪ್ಪನವರನ್ನು ಮರೆಯುವ ವಾಡಿಕೆ ನ್ಯಾಯವಲ್ಲ.

ಸರಿಯಾದ ಅಳತೆಯನ್ನು ಕೇಳಿದ ಗೇಣಿದಾರರಿಗೆ ಗದ್ದೆಗೆ ಇಳಿಯುವ ಅವಕಾಶವೇ ಇಲ್ಲವಾಯಿತು. 1951ರ ಏಪ್ರಿಲ್ 18ರಂದು ಸತ್ಯಾಗ್ರಹ ಆರಂಭವಾಯಿತು. ನೇಗಿಲು ಹಿಡಿದು ಗದ್ದೆಗೆ ಇಳಿಯುವುದು, ಬಂಧನಕ್ಕೆ ಒಳಗಾಗುವುದು, ಮರುದಿನ ಇನ್ನೊಂದು ತಂಡ ಇಳಿಯುವುದು: ಹೋರಾಟದ ವಿಧಾನ ಇಷ್ಟು ಸರಳವಾಗಿತ್ತು. ನಾಯಕತ್ವ ವಹಿಸಿದ ಗೋಪಾಲಗೌಡರೂ ಜೈಲು ಸೇರಿದರು. ಜೂನ್ ತಿಂಗಳಲ್ಲಿ ಲೋಹಿಯಾ ಕಾಗೋಡಿಗೆ ಬಂದು ಬಂಧನಕ್ಕೊಳಗಾದಾಗ ಮಲೆನಾಡಿನ ಒಂದು ಹಳ್ಳಿಯ ಅಳತೆಯ ಜಗಳ ದೇಶದ ಸುದ್ದಿಯಾಯಿತು. ಸತ್ಯಾಗ್ರಹವು ತಕ್ಷಣಕ್ಕೆ ಗೇಣಿದಾರರಿಗೆ ಭೂಮಿಯನ್ನು ಕೊಡಿಸಲಿಲ್ಲ. ಆದರೆ ಒಡೆಯರ ಎದುರು ತಲೆಯೆತ್ತಿ ಮಾತನಾಡದಿದ್ದವರು ಜೈಲಿನ ಭಯವನ್ನು ಕಳೆದುಕೊಂಡು ಮನೆಗೆ ಮರಳಿದರು.

ಮರುವರ್ಷವೇ ಬಂದ ಮೊದಲ ಮಹಾಚುನಾವಣೆಯಲ್ಲಿ ಅದರ ಫಲ ಕಂಡಿತು. ವಯಸ್ಕರಿಗೆಲ್ಲ ಮತ ದೊರೆತ ಮೊದಲ ಸಲ ಅದು. ಗೇಣಿದಾರನ ಮತಕ್ಕೂ ಒಡೆಯನ ಮತಕ್ಕೂ ಒಂದೇ ತೂಕ. ಸಾಗರ-ಹೊಸನಗರ ಕ್ಷೇತ್ರದಿಂದ ಗೋಪಾಲಗೌಡರು ಗೆದ್ದರು. ಆಗ ಅವರಿಗಿನ್ನೂ 30 ತುಂಬಿರಲಿಲ್ಲ. 99 ಸ್ಥಾನಗಳ ಸಭೆಯಲ್ಲಿ ಕಾಂಗ್ರೆಸ್ಸಿಗೆ 74, ಸಮಾಜವಾದಿಗಳಿಗೆ ಮೂರು. (ಅಲ್ ರಯ್ಯಾನಿನಲ್ಲಿ ಕುಳಿತು ಇದನ್ನು ಬರೆಯುವಾಗ ಹೊಳೆಯುವ ಮಾತು: 2010ರ ತಿದ್ದುಪಡಿಯ ನಂತರ ನಮ್ಮಂಥ ಅನಿವಾಸಿಗಳಿಗೂ ಮತದಾರರ ಪಟ್ಟಿಯಲ್ಲಿ ಹೆಸರಿರಿಸಲು ಅವಕಾಶವಿದೆ. ಮತ ಹಾಕಲು ಮಾತ್ರ ಊರಿಗೇ ಹೋಗಬೇಕು.)

ಮುಂದಿನ ಹಾದಿ ಏರುಮುಖವಾಗಿಯೇ ಇರಲಿಲ್ಲ. 1955ರ ಕೊನೆಯಲ್ಲಿ ಲೋಹಿಯಾ ಪ್ರಜಾ ಸಮಾಜವಾದಿ ಪಕ್ಷದಿಂದ ಬೇರೆಯಾದಾಗ ಗೋಪಾಲಗೌಡರು ಅವರ ಜೊತೆ ನಿಂತರು. 1957ರಲ್ಲಿ ಸೋತರು. 1962ರಲ್ಲಿ ತೀರ್ಥಹಳ್ಳಿಯಿಂದ ಮರಳಿ ಗೆದ್ದಾಗ, 208 ಸದಸ್ಯರ ಸಭೆಯಲ್ಲಿ ಲೋಹಿಯಾ ಪಕ್ಷಕ್ಕೆ ಇದ್ದದ್ದು ಆ ಒಂದೇ ಸ್ಥಾನ. ಅದೇ ಸಭೆಯಲ್ಲಿ ಪ್ರಜಾ ಸಮಾಜವಾದಿಗಳು 20 ಮಂದಿ. ಒಂದೇ ಬೇರಿನ ಎರಡು ಪಕ್ಷಗಳು ಒಂದಾಗಿ ಉಳಿದಿದ್ದರೆ ಪರಿಸ್ಥಿತಿ ಬೇರೆಯೇ ಆಗುತ್ತಿತ್ತು ಎಂಬುದು ನನ್ನ ಅಭಿಪ್ರಾಯ. ಸಿದ್ಧಾಂತದ ಶುದ್ಧಿಗಾಗಿ ಸಮಾಜವಾದಿಗಳು ತೆತ್ತ ಬೆಲೆ ಅತಿಯಾಯಿತು. 1967ರಲ್ಲಿ ಸಂಯುಕ್ತ ಸಮಾಜವಾದಿ ಪಕ್ಷದ ಹೆಸರಿನಲ್ಲಿ ಆರು ಮಂದಿ ಆಯ್ಕೆಯಾದರು. ಗೋಪಾಲಗೌಡರು ಮತ್ತೆ ತೀರ್ಥಹಳ್ಳಿಯಿಂದ, ಎಸ್. ಬಂಗಾರಪ್ಪ ಸೊರಬದಿಂದ. ಅದೇ ವರ್ಷ ಜೆ. ಎಚ್. ಪಟೇಲ್ ಶಿವಮೊಗ್ಗದಿಂದ ಲೋಕಸಭೆಗೆ ಹೋಗಿ ಅಲ್ಲಿ ಕನ್ನಡದಲ್ಲಿ ಮಾತನಾಡಿದರು.

ಅಮೆರಿಕದ ಓದುಗರಿಗೆ ಒಂದು ವಿವರಣೆ ಅಗತ್ಯ. ಅಲ್ಲಿ ರಾಜ್ಯದ ಗವರ್ನರನ್ನು ಜನರೇ ಆರಿಸುವುದರಿಂದ, ಸಣ್ಣ ಎಡಪಕ್ಷವೊಂದು ಒಬ್ಬ ಜನಪ್ರಿಯ ವ್ಯಕ್ತಿಯ ಬಲದಿಂದ ಅಧಿಕಾರಕ್ಕೆ ಏರಬಹುದು. ಮಿನ್ನೆಸೋಟದ ರೈತ-ಕಾರ್ಮಿಕ ಪಕ್ಷ 1918ರ ಸುಮಾರಿಗೆ ಆರಂಭಿಸಿ, 1930ರಲ್ಲಿ ಫ್ಲಾಯ್ಡ್ ಓಲ್ಸನ್ ಅವರನ್ನು ಗವರ್ನರಾಗಿಸಿತು. ನಮ್ಮಲ್ಲಿ ರಾಜ್ಯಪಾಲರು ನೇಮಕವಾಗುವವರು. ಅಧಿಕಾರ ಬೇಕಾದರೆ ಕ್ಷೇತ್ರದಿಂದ ಕ್ಷೇತ್ರಕ್ಕೆ ಬಹುಮತ ಕೂಡಿಸಬೇಕು. ಮಲೆನಾಡಿನ ಗೇಣಿಯ ಸಂಕಟ ಬಯಲುಸೀಮೆಯ ಎಲ್ಲ ಕಡೆ ಅದೇ ರೂಪದಲ್ಲಿ ಇರಲಿಲ್ಲವಾದ್ದರಿಂದ ಪಕ್ಷ ಘಟ್ಟದ ಸೆರಗಿನಲ್ಲೇ ಉಳಿಯಿತು.

ಆದರೂ ಸದನದಲ್ಲಿ ಅವರ ಮಾತಿಗೆ ತೂಕವಿತ್ತು. ಉಳುವವನಿಗೆ ಭೂಮಿ, ಆಡಳಿತದಲ್ಲಿ ಕನ್ನಡ, ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು: ಈ ಮೂರನ್ನು ಅವರು ಬಿಡಲೇ ಇಲ್ಲ. ಅದೇ ತೀರ್ಥಹಳ್ಳಿ ತಾಲ್ಲೂಕಿನ ಕಾಂಗ್ರೆಸ್ಸಿಗ ಕಡಿದಾಳ್ ಮಂಜಪ್ಪನವರು ಆಡಳಿತಪಕ್ಷದ ಒಳಗಿನಿಂದ ಗೇಣಿ ಕಾನೂನುಗಳಿಗೆ ದುಡಿದರು. ಹೊರಗಿನ ಒತ್ತಡ ಇಲ್ಲದಿದ್ದರೆ ಒಳಗಿನ ಆ ದುಡಿಮೆ ಎಷ್ಟು ದೂರ ಸಾಗುತ್ತಿತ್ತು ಎಂದು ಕೇಳಬಹುದು.

ಸಾಹಿತ್ಯ ಮತ್ತು ಸಂಗೀತದಲ್ಲಿ ಅವರಿಗಿದ್ದ ಆಸಕ್ತಿ ರಾಜಕಾರಣಿಗಳಲ್ಲಿ ಅಪರೂಪದ್ದು. ಯು. ಆರ್. ಅನಂತಮೂರ್ತಿ, ಪಿ. ಲಂಕೇಶ್, ಪೂರ್ಣಚಂದ್ರ ತೇಜಸ್ವಿ ಅವರ ಪ್ರಭಾವಕ್ಕೆ ಒಳಗಾದರು. ಕೊನೆಯ ವರ್ಷಗಳಲ್ಲಿ ಕಾಯಿಲೆ ಅವರನ್ನು ಕುಗ್ಗಿಸಿತು. ಅನಂತಮೂರ್ತಿಯವರ 1978ರ ಕಾದಂಬರಿ ಅವಸ್ಥೆಯ ಕೃಷ್ಣಪ್ಪ ಗೌಡನಲ್ಲಿ ಅವರ ಬದುಕಿನ ನೆರಳಿದೆ. ಅದರಿಂದಾಗಿ ಹಾಸಿಗೆ ಹಿಡಿದ ಆ ಪಾತ್ರದ ರೋಗವನ್ನೇ ಗೋಪಾಲಗೌಡರದೆಂದು ಹೇಳುವವರಿದ್ದಾರೆ. ಕಾದಂಬರಿಯನ್ನು ಓದಿ ರೋಗ ನಿರ್ಣಯ ಮಾಡುವುದು ವೈದ್ಯನಿಗೆ ಸಲ್ಲದ ಕೆಲಸ. ಕಾದಂಬರಿಗೂ ಅದು ನ್ಯಾಯವಲ್ಲ.

1972ರ ಚುನಾವಣೆಯಲ್ಲಿ ಪಕ್ಷ ಮೂರಕ್ಕೆ ಇಳಿಯಿತು. ತೀರ್ಥಹಳ್ಳಿಯಲ್ಲಿ ಕೋಣಂದೂರು ಲಿಂಗಪ್ಪ, ಸಾಗರದಲ್ಲಿ ಕಾಗೋಡು ತಿಮ್ಮಪ್ಪ, ಸೊರಬದಲ್ಲಿ ಬಂಗಾರಪ್ಪ: ಮೂರೂ ಸತ್ಯಾಗ್ರಹದ ಸೀಮೆ. ಆ ವರ್ಷದ ಜೂನ್ 9ರಂದು ಗೋಪಾಲಗೌಡರು ನಿಧನರಾದರು. ಮುಂದೆ ಬಂಗಾರಪ್ಪನವರೂ ಪಟೇಲರೂ ಬೇರೆ ಬೇರೆ ಪಕ್ಷಗಳಿಂದ ಮುಖ್ಯಮಂತ್ರಿಗಳಾದರು.

1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕವಾಯಿತು. ಕಾಂಗ್ರೆಸ್ಸಿನ ದೇವರಾಜ ಅರಸು ಸರ್ಕಾರ ತಂದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದು, ಗೇಣಿ ಭೂಮಿ ಸರ್ಕಾರಕ್ಕೆ ಸೇರಿತು. ಉಳುತ್ತಿದ್ದವರು ಫಾರಂ ನಂಬರ್ 7 ತುಂಬಿ ಭೂ ನ್ಯಾಯಮಂಡಳಿಯ ಮುಂದೆ ಹೋದರು. ಮಲೆನಾಡಿನಲ್ಲೂ ಕರಾವಳಿಯಲ್ಲೂ ಸಾವಿರಾರು ಕುಟುಂಬಗಳಿಗೆ ಹಕ್ಕುಪತ್ರ ದೊರೆಯಿತು. ಅದಕ್ಕೂ ಮೊದಲೇ ಒಕ್ಕಲೆಬ್ಬಿಸಲ್ಪಟ್ಟು ದಾಖಲೆಯಿಲ್ಲದೆ ಉಳಿದವರಿಗೆ, ಗೇಣಿಗೂ ಭೂಮಿ ಸಿಗದೆ ಬರೀ ಕೂಲಿಗೆ ದುಡಿದವರಿಗೆ ಆ ಫಾರಮ್ಮಿನಲ್ಲಿ ತುಂಬಲು ಏನೂ ಇರಲಿಲ್ಲ.