ಫ್ರಾಂಟ್ಸ್ ಫ್ಯಾನನ್: ದಾಸ್ಯದ ಮನೋವ್ಯಾಧಿಯನ್ನು ಅರಿತ ವೈದ್ಯ

ಕೆರಿಬಿಯನ್ ಸಮುದ್ರದ ಮಾರ್ಟಿನಿಕ್ ದ್ವೀಪ ಫ್ರೆಂಚರ ವಸಾಹತಾಗಿದ್ದ ಕಾಲವದು. 1925ರ ಜುಲೈ 20ರಂದು ಅಲ್ಲಿನ ಫೋರ್-ದ-ಫ್ರಾನ್ಸ್ ಪಟ್ಟಣದಲ್ಲಿ ಫ್ರಾಂಟ್ಸ್ ಫ್ಯಾನನ್ ಜನಿಸಿದರು. ಶುದ್ಧ ಫ್ರೆಂಚ್ ಆಡುವವನಿಗೆ ಮನ್ನಣೆ, ಕ್ರಿಯೋಲ್ ಆಡುವವನಿಗೆ ತಿರಸ್ಕಾರ ಎಂಬ ವಾತಾವರಣದಲ್ಲಿ ಅವರು ಬೆಳೆದರು. ಎರಡನೆಯ ಮಹಾಯುದ್ಧದಲ್ಲಿ ಫ್ರಾನ್ಸಿನ ಬಿಡುಗಡೆಗಾಗಿ ಹೋರಾಡಿ, ಗಾಯಗೊಂಡು, ಶೌರ್ಯಪದಕವನ್ನೂ ಪಡೆದರು. ಆದರೆ ರಕ್ತ ಸುರಿಸಿ ಕಾಪಾಡಿದ ನಾಡಿನಲ್ಲೇ ಅವರು ಮೊದಲು ಕರಿಯನಾಗಿ, ಆಮೇಲೆ ಮನುಷ್ಯನಾಗಿ ಕಾಣಿಸಿದರು.

ಲಿಯಾನ್ ನಗರದಲ್ಲಿ ವೈದ್ಯಶಾಸ್ತ್ರವನ್ನೂ ಮನೋವೈದ್ಯವನ್ನೂ ಕಲಿತ ಫ್ಯಾನನ್, 1952ರಲ್ಲಿ ‘ಕಪ್ಪು ಚರ್ಮ, ಬಿಳಿ ಮುಖವಾಡಗಳು’ ಎಂಬರ್ಥದ ಕೃತಿಯನ್ನು ಪ್ರಕಟಿಸಿದರು. ಅದರ ಮೊದಲ ಅಧ್ಯಾಯದ ವಿಷಯವೇ ಭಾಷೆ. 1947ರಲ್ಲಿ ಮಡಗಾಸ್ಕರಿನ ಜನ ಫ್ರೆಂಚರ ವಿರುದ್ಧ ಬಂಡೆದ್ದಾಗ ಸೈನ್ಯ ಸಾವಿರಾರು ಮಂದಿಯನ್ನು ಕೊಂದಿತ್ತು. ಆ ಬಳಿಕ 1950ರಲ್ಲಿ ಒಕ್ತಾವ್ ಮನೋನಿ ಎಂಬ ಲೇಖಕರು ಮನೋವಿಶ್ಲೇಷಣೆಯ ನೆರವಿನಿಂದ ಆ ಜನರಲ್ಲಿ ಪರಾವಲಂಬನೆಯ ಮನೋಗ್ರಂಥಿ ಇದೆಯೆಂದು ವಾದಿಸಿದ್ದರು. ಹಾಗೆಂದರೆ ಆಳುವವನು ತಪ್ಪಿತಸ್ಥನಾಗದೆ ಆಳಿಸಿಕೊಳ್ಳುವವನೇ ರೋಗಿಯಾಗುತ್ತಾನೆ. ಫ್ಯಾನನ್ ಇದನ್ನು ಕಟುವಾಗಿ ಖಂಡಿಸಿದರು. ಮಡಗಾಸ್ಕರಿನವರ ಕನಸಿನಲ್ಲಿ ಬಂದ ಬಂದೂಕನ್ನು ಗುಪ್ತ ಸಂಕೇತವೆಂದು ಬಿಡಿಸಬೇಕಾಗಿಲ್ಲ, ಅದು ಊರಿಗೆ ನುಗ್ಗಿದ ಸೈನಿಕನ ಬಂದೂಕೇ ಎಂಬುದು ಅವರ ನಿಲುವು.

1953ರಲ್ಲಿ ಅವರು ಆಲ್ಜೀರಿಯದ ಬ್ಲಿದಾ ಆಸ್ಪತ್ರೆಗೆ ಬಂದರು. ಉತ್ತರ ಆಫ್ರಿಕದವರು ಹುಟ್ಟಿನಿಂದಲೇ ಹಿಂಸಾಪ್ರವೃತ್ತಿಯವರು ಎಂದು ಅಲ್ಲಿನ ವಸಾಹತು ಮನೋವೈದ್ಯರು ಬೋಧಿಸುತ್ತಿದ್ದರು. ಫ್ಯಾನನ್ ರೂಪಿಸಿದ ಸಾಮೂಹಿಕ ಚಿಕಿತ್ಸೆ ಯುರೋಪಿನ ಮಹಿಳೆಯರಲ್ಲಿ ಫಲಿಸಿತು, ಮುಸ್ಲಿಂ ಪುರುಷರಲ್ಲಿ ಸೋತಿತು. ಸೋಲಿನ ಹೊಣೆಯನ್ನು ಅವರು ರೋಗಿಗಳ ಮೇಲೆ ಹೊರಿಸಲಿಲ್ಲ. ರೋಗಿಯ ನುಡಿ ತನಗೆ ಬಾರದು, ದುಭಾಷಿಯ ಮೂಲಕ ಕೇಳಿದ ದುಃಖ ಅರ್ಧ ದಾರಿಯಲ್ಲೇ ಸೋರಿಹೋಗುತ್ತದೆ, ತಾನು ತಂದ ಆಚರಣೆಗಳೂ ಪರಕೀಯ ಎಂದು ಅರಿತುಕೊಂಡರು. ಬಳಿಕ ಆಸ್ಪತ್ರೆಯಲ್ಲಿ ಸ್ಥಳೀಯ ರೀತಿಯ ಕಾಫಿಶಾಲೆ ತೆರೆಯಿತು. ಹಬ್ಬ, ಕಥೆಗಾರರು ಒಳಗೆ ಬಂದರು.

1954ರ ನವೆಂಬರಿನಲ್ಲಿ ಸ್ವಾತಂತ್ರ್ಯಸಮರ ಆರಂಭವಾಯಿತು. ಹಿಂಸೆಗೆ ತುತ್ತಾದವರೂ ಹಿಂಸೆ ಕೊಟ್ಟ ಪೊಲೀಸರೂ ಚಿಕಿತ್ಸೆಗಾಗಿ ಅದೇ ವೈದ್ಯನ ಬಳಿಗೆ ಬಂದರು. ವ್ಯವಸ್ಥೆಯೇ ಮನಸ್ಸುಗಳನ್ನು ಮುರಿಯುತ್ತಿರುವಾಗ ಅದರ ನೌಕರನಾಗಿ ಗುಣಪಡಿಸುವುದು ಸಾಧ್ಯವಿಲ್ಲವೆಂದು 1956ರ ಕೊನೆಯಲ್ಲಿ ಫ್ಯಾನನ್ ರಾಜೀನಾಮೆಯಿತ್ತರು. ದೇಶದಿಂದ ಹೊರಹಾಕಲ್ಪಟ್ಟ ಮೇಲೆ ಟ್ಯುನಿಸ್‌ನಲ್ಲಿ ವಿಮೋಚನಾ ರಂಗಕ್ಕಾಗಿ ದುಡಿದರು. 1960ರಲ್ಲಿ ಘಾನಾದಲ್ಲಿ ಅದರ ರಾಯಭಾರಿಯಾದರು.

ರಕ್ತದ ಕ್ಯಾನ್ಸರ್ ಬಾಧಿಸುತ್ತಿದ್ದಾಗಲೇ ಕೊನೆಯ ಕೃತಿ ‘ಭೂಮಿಯ ದೀನರು’ ರಚಿತವಾಯಿತು. ಹಿಂಸೆಯನ್ನು ಸಮರ್ಥಿಸಿದ ಅದರ ಮೊದಲ ಭಾಗ ಇಂದಿಗೂ ವಿವಾದಾಸ್ಪದ. ಆದರೆ ಅದೇ ಗ್ರಂಥದ ಕೊನೆಯ ಭಾಗದ ರೋಗಿವೃತ್ತಾಂತಗಳು, ಹಿಂಸೆ ಅದನ್ನು ಎಸಗಿದವನನ್ನೂ ಬಿಡದೆಂದು ತೋರಿಸುತ್ತವೆ. ಎರಡನ್ನೂ ಒಟ್ಟಿಗೆ ಓದದವರಿಗೆ ಫ್ಯಾನನ್ ದಕ್ಕುವುದಿಲ್ಲ.

1961ರ ಡಿಸೆಂಬರ್ 6ರಂದು, 36ನೆಯ ವಯಸ್ಸಿನಲ್ಲಿ, ಅಮೆರಿಕದ ಆಸ್ಪತ್ರೆಯೊಂದರಲ್ಲಿ ಅವರು ತೀರಿಕೊಂಡರು. ಅವರ ಇಚ್ಛೆಯಂತೆ ದೇಹವನ್ನು ಆಲ್ಜೀರಿಯದ ಮಣ್ಣಿಗೇ ಒಪ್ಪಿಸಲಾಯಿತು. ಏಳು ತಿಂಗಳ ಬಳಿಕ ಆ ದೇಶ ಸ್ವತಂತ್ರವಾಯಿತು. ಒಂದು ಜನಸಮುದಾಯದ ಸ್ವಭಾವ ಇಂಥದೇ ಎಂದು ತೀರ್ಪು ನೀಡುವ ಗ್ರಂಥ ಕೈಗೆ ಬಂದಾಗ, ಬರೆದವನಿಗೆ ಆ ಜನರ ಮಾತು ಬರುತ್ತಿತ್ತೇ ಎಂದು ಮೊದಲು ಕೇಳಿಕೊಳ್ಳುವುದನ್ನು ಸಾಹಿತ್ಯದ ವಿದ್ಯಾರ್ಥಿಗಳು ಈ ಬಾಳಿನಿಂದ ಕಲಿಯಬಹುದು.