ಮಹಾಲನೋಬಿಸ್: ಲೆಕ್ಕದ ಜೊತೆ ತಪ್ಪನ್ನೂ ಎಣಿಸಿದ ಮನುಷ್ಯ

2019ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಒಂದು ಪ್ರಕಟಣೆ ಹೊರಡಿಸಿತು. ಭಾರತದ ಕುಟುಂಬಗಳು ಏನು ತಿನ್ನುತ್ತವೆ, ಎಷ್ಟು ಖರ್ಚು ಮಾಡುತ್ತವೆ ಅಂತ 2017-18ರಲ್ಲಿ ನಡೆಸಿದ್ದ ಸಮೀಕ್ಷೆಯ ವರದಿಯನ್ನು ಬಿಡುಗಡೆ ಮಾಡುವುದಿಲ್ಲ, ಯಾಕಂದ್ರೆ ದತ್ತಾಂಶದ ಗುಣಮಟ್ಟ ಸರಿಯಿಲ್ಲ ಎಂಬುದು ಅದರ ಸಾರಾಂಶ. ಅದೇ ವರ್ಷದ ಆರಂಭದಲ್ಲಿ ನಿರುದ್ಯೋಗ ಶೇ. 6.1 ಎಂದು ಹೇಳುವ ಇನ್ನೊಂದು ವರದಿ ಸೋರಿಕೆಯಾಗಿತ್ತು. ಆ ವರದಿಯನ್ನು ತಡೆಹಿಡಿಯಲಾಗಿದೆ ಎಂದು ರಾಷ್ಟ್ರೀಯ ಸಾಂಖ್ಯಿಕ ಆಯೋಗದ ಇಬ್ಬರು ಸದಸ್ಯರು ರಾಜೀನಾಮೆ ಕೊಟ್ಟಿದ್ದರು. ಅದು ಅಧಿಕೃತವಾಗಿ ಹೊರಬಂದದ್ದು ಲೋಕಸಭಾ ಚುನಾವಣೆ ಮುಗಿದ ಮೇಲೆ.

ಆಗ ನಡೆದ ಜಗಳದಲ್ಲಿ ಒಂದು ಹೆಸರು ಮತ್ತೆ ಮತ್ತೆ ಬಂತು. ಪ್ರಶಾಂತ ಚಂದ್ರ ಮಹಾಲನೋಬಿಸ್. ಎರಡನೇ ಪಂಚವಾರ್ಷಿಕ ಯೋಜನೆಯ ಮನುಷ್ಯ ಅಂತ ಪಠ್ಯಪುಸ್ತಕದಲ್ಲಿ ಓದಿ ಮರೆತವರೇ ನಮ್ಮಲ್ಲಿ ಹೆಚ್ಚು. ಆದರೆ ಇವತ್ತು ಬಡತನ, ಉದ್ಯೋಗ, ಕೂಲಿ, ಪೌಷ್ಟಿಕತೆ ಬಗ್ಗೆ ಸರ್ಕಾರವನ್ನು ಪ್ರಶ್ನಿಸಲು ನಮ್ಮ ಕೈಯಲ್ಲಿರುವ ಬಹುಮುಖ್ಯ ಆಯುಧ, ಅಂದರೆ ರಾಷ್ಟ್ರೀಯ ಮಾದರಿ ಸಮೀಕ್ಷೆ, ಅವರು ಕಟ್ಟಿದ್ದು. ಆ ಆಯುಧ ಬಳಸೋದು ಹೇಗೆ ಅಂತ ಗೊತ್ತಾಗಬೇಕಾದರೆ ಅವರ ಬದುಕನ್ನು ಸ್ವಲ್ಪ ತಿಳಿಯಬೇಕು.

ಹಡಗಿನಲ್ಲಿ ಓದಿದ ಪತ್ರಿಕೆ

1893ರ ಜೂನ್ 29ರಂದು ಕಲ್ಕತ್ತಾದ ಬ್ರಹ್ಮಸಮಾಜದ ಕುಟುಂಬವೊಂದರಲ್ಲಿ ಮಹಾಲನೋಬಿಸ್ ಹುಟ್ಟಿದರು. ಅಜ್ಜ ಗುರುಚರಣ್ ವಿಧವೆಯೊಬ್ಬರನ್ನು ಮದುವೆಯಾಗಿ ಸಂಪ್ರದಾಯವನ್ನು ಎದುರು ಹಾಕಿಕೊಂಡಿದ್ದವರು. ಮೊಮ್ಮಗ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತಶಾಸ್ತ್ರ ಓದಿ, 1913ರಲ್ಲಿ ಇಂಗ್ಲೆಂಡಿಗೆ ಹೋದರು. ಸೇರಬೇಕೆಂದುಕೊಂಡಿದ್ದು ಲಂಡನ್ ವಿಶ್ವವಿದ್ಯಾಲಯಕ್ಕೆ. ಕೇಂಬ್ರಿಡ್ಜ್ ನೋಡೋಣ ಅಂತ ಹೋದವರು ವಾಪಸಿನ ರೈಲು ತಪ್ಪಿಸಿಕೊಂಡು, ಗೆಳೆಯನ ಮನೆಯಲ್ಲಿ ಉಳಿದು, ಕೊನೆಗೆ ಅಲ್ಲಿಯ ಕಿಂಗ್ಸ್ ಕಾಲೇಜಿಗೇ ಸೇರಿದರು. ಅಲ್ಲಿ ಶ್ರೀನಿವಾಸ ರಾಮಾನುಜನ್ ಜೊತೆ ಒಡನಾಟವೂ ಆಯಿತು.

ಓದು ಮುಗಿಸಿ ಊರಿಗೆ ಹೊರಡುವ ಹೊತ್ತಿಗೆ ಮೊದಲ ಮಹಾಯುದ್ಧ. ಹಡಗು ತಡವಾಯಿತು. ಕಾಲೇಜಿನ ಗ್ರಂಥಾಲಯದಲ್ಲಿ ಅಧ್ಯಾಪಕರೊಬ್ಬರು ಬಯೋಮೆಟ್ರಿಕಾ ಎಂಬ ಸಂಖ್ಯಾಶಾಸ್ತ್ರ ಪತ್ರಿಕೆಯ ಸಂಪುಟಗಳನ್ನು ತೋರಿಸಿದರು. ಮಹಾಲನೋಬಿಸ್ ಪೂರ್ತಿ ಸೆಟ್ ಕೊಂಡುಕೊಂಡು ಹಡಗಿನಲ್ಲಿ ಓದುತ್ತಾ ಬಂದರು. ರಜೆಗೆಂದು ಬಂದವರು ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತಶಾಸ್ತ್ರ ಮೇಷ್ಟ್ರಾಗಿ ಉಳಿದುಬಿಟ್ಟರು. ಆದರೆ ತಲೆಯಲ್ಲಿ ಓಡುತ್ತಿದ್ದದ್ದು ಸಂಖ್ಯಾಶಾಸ್ತ್ರ.

ಆರಂಭದ ಕೆಲಸಗಳು ಇವತ್ತು ನಮಗೆ ಅಷ್ಟು ಹಿತವಾಗಿ ಕಾಣುವಂಥವಲ್ಲ. ಆಂಗ್ಲೋ-ಇಂಡಿಯನ್ನರ ಎತ್ತರ, ತಲೆಬುರುಡೆ, ಮೂಗಿನ ಅಳತೆಗಳು ಇತ್ಯಾದಿ. ಜಾತಿ, ಜನಾಂಗಗಳ ನಡುವಿನ ಅಂತರವನ್ನು ದೇಹದ ಅಳತೆಯಿಂದ ಲೆಕ್ಕ ಹಾಕುವ ವಸಾಹತುಶಾಹಿ ಹವ್ಯಾಸದ ಒಳಗಿಂದಲೇ ಅವರು ಬಂದರು. 1936ರ ಪ್ರಸಿದ್ಧ 'ಮಹಾಲನೋಬಿಸ್ ಅಂತರ' ಹುಟ್ಟಿದ್ದೂ ಅಲ್ಲಿಂದಲೇ. ಇವತ್ತು ಅದು ಜಗತ್ತಿನ ಬಹುತೇಕ ಎಲ್ಲ ಅಂಕಿಅಂಶ ಸಾಫ್ಟ್‌ವೇರ್‌ಗಳಲ್ಲಿದೆ. ಸೂತ್ರ ಉಳಿಯಿತು, ಅದು ಹುಟ್ಟಿದ ಪ್ರಶ್ನೆ ಕೊಳೆಯಿತು.

ಅವರನ್ನು ಜನರ ಬದುಕಿನ ಕಡೆ ಎಳೆದದ್ದು ನೀರು. 1926ರಲ್ಲಿ ಒರಿಸ್ಸಾದ ಬ್ರಾಹ್ಮಣಿ ನದಿ ಉಕ್ಕಿ ಹರಿಯಿತು. ನದಿಯ ತಳ ಮೇಲೆದ್ದಿದೆ, ಏರಿಯನ್ನು ಇನ್ನೂ ಎತ್ತರಿಸಿ ಎಂದರು ಇಂಜಿನಿಯರ್‌ಗಳು. ಸುಮಾರು 60 ವರ್ಷಗಳ ಮಳೆ ಮತ್ತು ಪ್ರವಾಹದ ದಾಖಲೆ ಹಿಡಿದು ಕೂತ ಮಹಾಲನೋಬಿಸ್, ತಳ ಏರಿಯೇ ಇಲ್ಲ, ಮಳೆ ಮೇಲ್ಭಾಗದಲ್ಲಿ ಜಾಸ್ತಿಯಾಗಿದೆ, ಪರಿಹಾರ ಬೇಕಾದರೆ ಅಲ್ಲಿ ನೀರು ಹಿಡಿಯಬೇಕು ಅಂತ ತೋರಿಸಿದರು. ಪರಿಣತರ ಅನಿಸಿಕೆಗಿಂತ ದಾಖಲೆ ದೊಡ್ಡದು ಎಂಬ ಅವರ ಹಟ ಅಲ್ಲಿ ಗಟ್ಟಿಯಾಯಿತು.

1931ರ ಡಿಸೆಂಬರ್‌ನಲ್ಲಿ ಭಾರತೀಯ ಸಾಂಖ್ಯಿಕ ಸಂಸ್ಥೆ ಶುರುವಾಯಿತು. ಕಾಲೇಜಿನ ಒಂದು ಕೋಣೆ, ಮೊದಲ ವರ್ಷದ ಖರ್ಚು 238 ರೂಪಾಯಿ. ನಮ್ಮ ಹಡಗಲಿಯಲ್ಲಿ ಹುಟ್ಟಿ ಮುಂದೆ ಜಗತ್ತಿನ ದೊಡ್ಡ ಸಂಖ್ಯಾಶಾಸ್ತ್ರಜ್ಞರಲ್ಲಿ ಒಬ್ಬರಾದ ಸಿ.ಆರ್. ರಾವ್ 1941ರಲ್ಲಿ ಬಂದು ಸೇರಿದ್ದು ಇದೇ ಸಂಸ್ಥೆಗೆ.

ಒಂದಗುಳು ಸಾಕಾ?

ಅನ್ನ ಬೆಂದಿದೆಯಾ ಅಂತ ನೋಡಲು ನಾವು ಒಂದಗುಳು ಹಿಸುಕುತ್ತೇವೆ. ಮಾದರಿ ಸಮೀಕ್ಷೆಯ ಮೂಲ ಉಪಾಯ ಇಷ್ಟೇ. ಆದರೆ ಕಲಕಿದ ಪಾತ್ರೆಗೆ ಮಾತ್ರ ಅದು ಸರಿ. ದೇಶ ಎಂಬುದು ಕಲಕದ ಪಾತ್ರೆ. ತಳ ಸೀದಿರುತ್ತೆ, ಮೇಲೆ ಹಸಿ ಇರುತ್ತೆ. ಯಾವ ಅಗುಳು ತೆಗೆಯಬೇಕು, ಎಷ್ಟು ತೆಗೆಯಬೇಕು ಎಂಬುದೇ ಪ್ರಶ್ನೆ.

1937ರಲ್ಲಿ ಬಂಗಾಳದ ಸೆಣಬು ಬೆಳೆಯ ಅಂದಾಜು ಮಾಡುವ ಕೆಲಸದಲ್ಲಿ ಮಹಾಲನೋಬಿಸ್‌ಗೆ ಈ ಪ್ರಶ್ನೆ ಎದುರಾಯಿತು. ಆ ಕಾಲದ ಬೆಳೆ ಲೆಕ್ಕ ಬಹುಪಾಲು ಕಣ್ಣಂದಾಜು. ನಮ್ಮಲ್ಲಿ ಆಣೆವಾರಿ ಅನ್ನುತ್ತಿದ್ದರಲ್ಲ, ಅದೇ. ಅವರು ನಕ್ಷೆಯ ಮೇಲೆ ಯಾದೃಚ್ಛಿಕವಾಗಿ ಚೌಕಗಳನ್ನು ಆರಿಸಿ, ಅಲ್ಲಿಗೇ ಜನರನ್ನು ಕಳಿಸಿ ಅಳೆಸಿದರು. ಪ್ರತಿ ಹೊಲಕ್ಕೂ ಹೋಗಿ ಎಣಿಸುವ ಖರ್ಚಿಗೆ ಹೋಲಿಸಿದರೆ ಇದರ ವೆಚ್ಚ ಸುಮಾರು ಹತ್ತನೇ ಒಂದು ಭಾಗ. ಪೂರ್ಣ ಎಣಿಕೆ ಅಂದ ತಕ್ಷಣ ಸತ್ಯ ಅಲ್ಲ, ಸಾವಿರಾರು ಜನರ ಅವಸರದ ಕೆಲಸದಲ್ಲಿ ತಪ್ಪುಗಳೂ ಸಾವಿರಾರು ಇರುತ್ತವೆ ಎಂಬುದನ್ನು ಅವರು ಬೇಗ ಕಂಡುಕೊಂಡರು.

ಅವರ ನಿಜವಾದ ಹೊಸತನ ಇದರ ಮುಂದಿನ ಹೆಜ್ಜೆ. ಒಂದೇ ಸೀಮೆಗೆ ಎರಡು ಬೇರೆ ಬೇರೆ ಮಾದರಿಗಳನ್ನು ಆರಿಸಿ, ಎರಡು ಬೇರೆ ತಂಡಗಳನ್ನು ಕಳಿಸಿದರು. ಒಂದು ತಂಡದ ಫಲಿತಾಂಶ ಇನ್ನೊಂದಕ್ಕೆ ಗೊತ್ತಿಲ್ಲ. ಕೊನೆಗೆ ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡುವುದು. ಉತ್ತರಗಳು ಹತ್ತಿರ ಇದ್ದರೆ ಸ್ವಲ್ಪ ನಂಬಬಹುದು. ದೂರ ಇದ್ದರೆ ಎಲ್ಲೋ ಏನೋ ಎಡವಟ್ಟಾಗಿದೆ: ಮಾದರಿ ಚಿಕ್ಕದಿರಬಹುದು, ಯಾರೋ ಮರದ ಕೆಳಗೆ ಕೂತು ಫಾರಂ ತುಂಬಿರಬಹುದು. ತಪ್ಪನ್ನು ಮುಚ್ಚಿಡುವ ಬದಲು ಅದು ತಾನಾಗಿಯೇ ಎದ್ದು ಕಾಣುವಂಥ ವ್ಯವಸ್ಥೆಯನ್ನು ಸಮೀಕ್ಷೆಯ ಒಳಗೇ ಕಟ್ಟಿದ್ದು ಅವರ ಸಾಧನೆ. ಇವತ್ತಿನ ಕಂಪ್ಯೂಟರ್‌ಗಳಲ್ಲಿ ಬೂಟ್‌ಸ್ಟ್ರಾಪ್ ಎಂದು ಕರೆಯುವ ವಿಧಾನದ ಪೂರ್ವಜರ ಸಾಲಿನಲ್ಲಿ ಇತಿಹಾಸಕಾರರು ಇದನ್ನೂ ಸೇರಿಸುತ್ತಾರೆ.

1943ರ ಬಂಗಾಳದ ಕ್ಷಾಮ ಈ ವಿಧಾನಕ್ಕೆ ಬಂದ ಕಠಿಣ ಪರೀಕ್ಷೆ. ಲಕ್ಷಾಂತರ ಜನ ಸತ್ತ ಮೇಲೆ ಉಳಿದವರಿಗೆ ಏನಾಯಿತು ಎಂದು ತಿಳಿಯಲು ಮಹಾಲನೋಬಿಸ್ ಮತ್ತು ಅವರ ಸಹೋದ್ಯೋಗಿಗಳು ಹಳ್ಳಿಗಳಿಗೆ ಹೋದರು. ಒಂದೇ ವರ್ಷದಲ್ಲಿ, ಭತ್ತದ ಗದ್ದೆ ಇದ್ದ ಕುಟುಂಬಗಳ ಪೈಕಿ ಸುಮಾರು ಕಾಲುಭಾಗ ತಮ್ಮ ಗದ್ದೆಯನ್ನು ಪೂರ್ತಿಯಾಗಿಯೋ ಭಾಗಶಃವೋ ಮಾರಿದ್ದವು ಅಥವಾ ಅಡವಿಟ್ಟಿದ್ದವು ಎಂಬುದು ಆ ಸಮೀಕ್ಷೆಯಿಂದ ಹೊರಬಿತ್ತು. ಕ್ಷಾಮ ಅಂದರೆ ಸಾವಷ್ಟೇ ಅಲ್ಲ, ಬದುಕುಳಿದವರ ಭೂಮಿ ಕೈಬದಲಾಗುವುದು ಕೂಡ. ಯಾವ ಸರ್ಕಾರಿ ಕಡತವೂ ತಾನಾಗಿ ಇದನ್ನು ಹೇಳುತ್ತಿರಲಿಲ್ಲ.

1,833 ಹಳ್ಳಿಗಳು

1947ರಲ್ಲಿ ವಿಶ್ವಸಂಸ್ಥೆ ಮಾದರಿ ಸಮೀಕ್ಷೆ ಕುರಿತು ಉಪ ಆಯೋಗ ರಚಿಸಿದಾಗ ಅದಕ್ಕೆ ಅವರೇ ಅಧ್ಯಕ್ಷರು. ಮನೆಗಳನ್ನು ಹೇಗೆ ಆರಿಸಿದಿರಿ, ತಪ್ಪಿನ ಪ್ರಮಾಣ ಎಷ್ಟು ಎಂಬುದನ್ನೂ ಸಮೀಕ್ಷಾ ವರದಿಯಲ್ಲೇ ಬರೆಯಬೇಕು ಎಂಬ ನಿಯಮ ಜಗತ್ತಿಗೆ ಹೋದದ್ದು ಅಲ್ಲಿಂದ. ಇತ್ತ 1949ರಲ್ಲಿ ರಾಷ್ಟ್ರೀಯ ಆದಾಯ ಸಮಿತಿ ರಚನೆಯಾಯಿತು. ಮಹಾಲನೋಬಿಸ್ ಅಧ್ಯಕ್ಷರು, ಡಿ.ಆರ್. ಗಾಡ್ಗೀಳ್ ಮತ್ತು ಮುಂದೆ ಬೆಂಗಳೂರಿನಲ್ಲಿ ಐಸೆಕ್ ಕಟ್ಟಿದ ವಿ.ಕೆ.ಆರ್.ವಿ. ರಾವ್ ಸದಸ್ಯರು. ಕೂತು ನೋಡಿದರೆ ಹೊಸ ಗಣರಾಜ್ಯಕ್ಕೆ ತನ್ನ ಜನ ಏನು ತಿನ್ನುತ್ತಾರೆ ಅನ್ನೋದೇ ಗೊತ್ತಿಲ್ಲ.

ಹಾಗೆ ಶುರುವಾದದ್ದು ರಾಷ್ಟ್ರೀಯ ಮಾದರಿ ಸಮೀಕ್ಷೆ. 1950ರ ಅಕ್ಟೋಬರ್‌ನಲ್ಲಿ ಮೊದಲ ಸುತ್ತು. ಐದೂವರೆ ಲಕ್ಷಕ್ಕೂ ಹೆಚ್ಚು ಹಳ್ಳಿಗಳಲ್ಲಿ 1,833ನ್ನು ಆರಿಸಿ ತನಿಖಾದಾರರನ್ನು ಕಳಿಸಿದರು. ಹತ್ತಾರು ಭಾಷೆ, ಊರಿಗೊಂದು ಸೇರು, ಊರಿಗೊಂದು ಪಾವು. ಕಳೆದ ವಾರ ಎಷ್ಟು ಅಕ್ಕಿ ತಿಂದಿರಿ ಅಂತ ಕೇಳಬೇಕಾ, ಕಳೆದ ತಿಂಗಳು ಅಂತ ಕೇಳಬೇಕಾ ಎಂಬುದನ್ನೂ ಪ್ರಯೋಗ ಮಾಡಿ ನೋಡಿ, ಕೊನೆಗೆ 30 ದಿನ ಎಂದು ನಿಗದಿ ಮಾಡಿದರು.

ಈ ಪ್ರಶ್ನೆ ಚಿಲ್ಲರೆ ಅನಿಸಬಹುದು. 1999-2000ರ ಸುತ್ತಿನಲ್ಲಿ ಅದೇ ಮನೆಗಳಿಗೆ 7 ದಿನ ಮತ್ತು 30 ದಿನ ಎರಡರ ಪ್ರಶ್ನೆಯನ್ನೂ ಕೇಳಲಾಯಿತು. ಬಡತನ ಶೇ. 36ರಿಂದ ಶೇ. 26ಕ್ಕೆ ಇಳಿದಿದೆ ಎಂಬ ಸುದ್ದಿ ಬಂತು. ಇಳಿದದ್ದು ಬಡತನವೋ, ಬದಲಾದದ್ದು ಪ್ರಶ್ನೆಯೋ ಎಂದು ಅರ್ಥಶಾಸ್ತ್ರಜ್ಞರು ವರ್ಷಗಟ್ಟಲೆ ಜಗಳವಾಡಿದರು. 2022-23ರ ಸಮೀಕ್ಷೆಯಲ್ಲೂ ಮಾಹಿತಿ ಸಂಗ್ರಹದ ಕ್ರಮ ಬದಲಾಯಿತು, ಹಿಂದಿನದರ ಜೊತೆ ನೇರ ಹೋಲಿಕೆ ಕಷ್ಟವಾಯಿತು.

ಅವರೇ ಮರೆತ ಪಾಠ

ಮಹಾಲನೋಬಿಸ್ ದೇವರಲ್ಲ. ನೆಹರೂ ಅವರ ಆಪ್ತರಾಗಿ ಎರಡನೇ ಯೋಜನೆಯ ಚೌಕಟ್ಟು ಬರೆದಾಗ ಭಾರೀ ಕೈಗಾರಿಕೆಗೆ ಒತ್ತು ಕೊಟ್ಟರು, ಕೃಷಿ ಹಿಂದೆ ಬಿತ್ತು. ಅರ್ಥಶಾಸ್ತ್ರಜ್ಞ ಬಿ.ಆರ್. ಶೆಣೈ 1955ರಲ್ಲಿ ಭಿನ್ನಮತದ ಟಿಪ್ಪಣಿ ಬರೆದರು. ಎಷ್ಟು ಬಂಡವಾಳ ಹಾಕಿದರೆ ಎಷ್ಟು ಉತ್ಪಾದನೆ, ಎಷ್ಟು ಉದ್ಯೋಗ ಎಂಬ ಆ ಮಾದರಿಯ ಮುಖ್ಯ ಅಂಕಿಗಳು ಒರಟು ಅಂದಾಜುಗಳಾಗಿದ್ದವು. ಸೆಣಬಿನ ಹೊಲಕ್ಕೆ ಎರಡು ತಂಡ ಕಳಿಸಿ ತಪ್ಪು ಅಳೆದ ಮನುಷ್ಯ, ದೇಶದ ಯೋಜನೆಯ ಅಂಕಿಗಳಿಗೆ ಅದೇ ಪರೀಕ್ಷೆ ಇಡಲಿಲ್ಲ. ಅಧಿಕಾರದ ಹತ್ತಿರ ಹೋದಾಗ ಸಂಖ್ಯೆಗಳಿಗೆ ಅನುಮಾನ ಕಡಿಮೆಯಾಗುತ್ತೆ. ಇದು ಅವರಿಗೂ ಆಯಿತು, ಇವತ್ತಿನವರಿಗೂ ಆಗುತ್ತಿದೆ.

1956ರಲ್ಲಿ ಅವರ ಸಂಸ್ಥೆಯಲ್ಲಿ ಬ್ರಿಟನ್ನಿನಿಂದ ತರಿಸಿದ ಡಿಜಿಟಲ್ ಕಂಪ್ಯೂಟರ್ ಕೆಲಸ ಶುರುಮಾಡಿತು. ದೇಶದಲ್ಲೇ ಅದು ಮೊದಲನೆಯದು. ಕೊನೆಯ ವರ್ಷಗಳಲ್ಲಿ ಮಾದರಿ ಸಮೀಕ್ಷೆ ಅವರ ಸಂಸ್ಥೆಯಿಂದ ಸರ್ಕಾರದ ಇಲಾಖೆಯ ಕೈಗೆ ಹೋಯಿತು. 1972ರ ಜೂನ್ 28ರಂದು, 79 ತುಂಬಲು ಒಂದೇ ದಿನ ಇರುವಾಗ ಅವರು ತೀರಿಕೊಂಡರು. 2007ರಿಂದ ಜೂನ್ 29 ಸಾಂಖ್ಯಿಕ ದಿನ. ಸರ್ಕಾರ ಪ್ರತಿವರ್ಷ ಹಾರ ಹಾಕುತ್ತೆ.

ನಮ್ಮ ಲ್ಯಾಪ್‌ಟಾಪ್‌ನಲ್ಲಿರುವ ಮಹಾಲನೋಬಿಸ್

ಅವರು ನಿಜವಾಗಿ ಉಳಿದಿರುವುದು ಹಾರದಲ್ಲಲ್ಲ, ಫೈಲಿನಲ್ಲಿ. ಮಾದರಿ ಸಮೀಕ್ಷೆಗಳ ಮನೆವಾರು ದತ್ತಾಂಶವನ್ನು, ಹೆಸರು ವಿಳಾಸ ತೆಗೆದು, ಸರ್ಕಾರ ಸಾರ್ವಜನಿಕರಿಗೆ ಕೊಡುತ್ತದೆ. ಆರ್ ಎಂಬ ಉಚಿತ ಸಾಫ್ಟ್‌ವೇರ್ ಹಾಕಿಕೊಂಡರೆ ಕಾಲೇಜು ವಿದ್ಯಾರ್ಥಿಯೂ ಅದನ್ನು ತೆರೆಯಬಹುದು. ಆದರೆ ಇಲ್ಲೊಂದು ಬಲೆ ಇದೆ.

ಫೈಲ್ ತೆರೆದು ಸುಮ್ಮನೆ ಸರಾಸರಿ ತೆಗೆದರೆ ಸಾಫ್ಟ್‌ವೇರ್ ಗಂಭೀರವಾಗಿ ಒಂದು ಉತ್ತರ ಕೊಡುತ್ತೆ. ಅದು ತಪ್ಪಿರುತ್ತೆ. ಯಾಕಂದ್ರೆ ಎಲ್ಲ ಮನೆಗಳಿಗೂ ಆಯ್ಕೆಯಾಗುವ ಅವಕಾಶ ಸಮ ಇರುವುದಿಲ್ಲ. ಶ್ರೀಮಂತರು ಸಂಖ್ಯೆಯಲ್ಲಿ ಕಡಿಮೆ ಅಂತ ಹಲವು ಸುತ್ತುಗಳಲ್ಲಿ ಅವರ ಮನೆಗಳನ್ನು ಬೇಕಂತಲೇ ಹೆಚ್ಚು ಆರಿಸಿರುತ್ತಾರೆ. ಹಾಗಾಗಿ ಪ್ರತಿ ಮನೆಗೂ ಒಂದು ತೂಕ ಇರುತ್ತೆ: ಒಂದು ಮನೆ 300 ಮನೆಗಳ ಪರವಾಗಿ ಮಾತಾಡಿದರೆ ಇನ್ನೊಂದು 3,000 ಮನೆಗಳ ಪರವಾಗಿ. ತೂಕ ಮರೆತರೆ ದೇಶ ಇದ್ದಕ್ಕಿಂತ ಶ್ರೀಮಂತವಾಗಿ ಕಾಣುತ್ತೆ.

ಎರಡನೆಯದು, ಮನೆಗಳನ್ನು ದೇಶದಾದ್ಯಂತ ಚದುರಿಸಿ ಆರಿಸಿರುವುದಿಲ್ಲ. ಮೊದಲು ಹಳ್ಳಿ, ಆಮೇಲೆ ಆ ಹಳ್ಳಿಯ ಕೆಲವು ಮನೆ. ಒಂದೇ ಊರಿನ ಹತ್ತು ಮನೆಗೆ ಒಂದೇ ಮಳೆ, ಒಂದೇ ನ್ಯಾಯಬೆಲೆ ಅಂಗಡಿ, ಒಬ್ಬನೇ ಗುತ್ತಿಗೆದಾರ. ಅವು ಹತ್ತು ಸ್ವತಂತ್ರ ಸಾಕ್ಷಿಗಳಲ್ಲ. ಯಾವ ಸ್ತರದಿಂದ, ಯಾವ ಹಳ್ಳಿಯಿಂದ ಬಂದ ಮನೆ ಇದು ಎಂಬುದನ್ನು ಸಾಫ್ಟ್‌ವೇರ್‌ಗೆ ಮೊದಲೇ ಹೇಳದಿದ್ದರೆ, ತಪ್ಪಿನ ಅಂಚನ್ನು ಅದು ಸಾಮಾನ್ಯವಾಗಿ ಇರುವುದಕ್ಕಿಂತ ಚಿಕ್ಕದಾಗಿ ತೋರಿಸುತ್ತೆ. ಇಲ್ಲದ ಏರಿಕೆ, ಇಲ್ಲದ ಇಳಿಕೆ ಸುದ್ದಿಯಾಗೋದು ಹೀಗೆ. ಆರ್‌ನಲ್ಲಿ ಸರ್ವೇ ಎಂಬ ಪ್ಯಾಕೇಜ್, ಸ್ಟಾಟಾದಲ್ಲಿ ಎಸ್‌ವಿವೈ ಆದೇಶಗಳು ಇರುವುದೇ ಈ ಮೂರನ್ನು, ಅಂದರೆ ತೂಕ, ಸ್ತರ, ಹಳ್ಳಿಗಳನ್ನು, ಲೆಕ್ಕಕ್ಕೆ ತರಲು. ಒಂದು ಗುಂಪಿನ ಬಗ್ಗೆ ಮಾತ್ರ, ಉದಾಹರಣೆಗೆ ದಲಿತ ಮಹಿಳಾ ಕಾರ್ಮಿಕರ ಬಗ್ಗೆ, ಲೆಕ್ಕ ಬೇಕಾದಾಗಲೂ ಉಳಿದ ಸಾಲುಗಳನ್ನು ಅಳಿಸಬಾರದು. ಪೂರ್ತಿ ವಿನ್ಯಾಸ ಹೇಳಿದ ನಂತರ ಆ ಗುಂಪನ್ನು ಆರಿಸಬೇಕು.

ಇನ್ನೊಂದು ವಿಷಯ. ಹಲವು ಸುತ್ತುಗಳ ಫೈಲಿನಲ್ಲಿ ಉಪಮಾದರಿ ಎಂಬ ಕಾಲಂ ಇರುತ್ತದೆ, ಅದರಲ್ಲಿ 1 ಅಥವಾ 2. ಅದು ಸೆಣಬಿನ ಹೊಲದ ಆ ಎರಡು ತಂಡಗಳ ನೆನಪು. ಪ್ರತಿ ಅರ್ಧವೂ ಒಂಟಿಯಾಗಿ ಇಡೀ ದೇಶದ ಅಂದಾಜು ಕೊಡುವಂತೆ ತೂಕ ಹಾಕಿರುತ್ತಾರೆ. ಅದಕ್ಕೇ ಎರಡನ್ನೂ ಸೇರಿಸುವಾಗ ತೂಕವನ್ನು ಅರ್ಧ ಮಾಡಬೇಕು ಎಂದು ಸೂಚನಾ ಕಡತದಲ್ಲಿ ಬರೆದಿರುತ್ತದೆ. ಓದದೆ ಮುಂದೆ ಹೋದರೆ ಭಾರತದ ಜನಸಂಖ್ಯೆ ಸುಮಾರು ದುಪ್ಪಟ್ಟು ಬರುತ್ತೆ!

ಆದ್ದರಿಂದ ಮುಂದಿನ ಸಲ ಬಡತನವೇ ಮಾಯವಾಯಿತು ಅಂತಲೋ, ನಿರುದ್ಯೋಗ ಇಳಿಯಿತು ಅಂತಲೋ ಯಾರಾದರೂ ಪೋಸ್ಟರ್ ಹಾಕಿದರೆ, ಅದನ್ನು ಫಾರ್ವರ್ಡ್ ಮಾಡುವ ಮೊದಲು, ಅಥವಾ ಬೈಯುವ ಮೊದಲು, ಫೈಲ್ ಇಳಿಸಿಕೊಳ್ಳಿ. ನಮ್ಮ ಪಕ್ಷಕ್ಕೆ ಅನುಕೂಲವಾದ ಅಂಕಿಗೂ ಇದೇ ನಿಯಮ. ಮೊದಲ ಉಪಮಾದರಿಯಲ್ಲಿ ಒಮ್ಮೆ, ಎರಡನೆಯದರಲ್ಲಿ ಇನ್ನೊಮ್ಮೆ ಲೆಕ್ಕ ಹಾಕಿ ಪಕ್ಕ ಪಕ್ಕ ಇಡಿ. ಆ ಎರಡು ಉತ್ತರಗಳ ನಡುವಿನ ವ್ಯತ್ಯಾಸ ಪೋಸ್ಟರಿನ ಏರಿಳಿತಕ್ಕಿಂತ ದೊಡ್ಡದಿದ್ದರೆ ಆ ಏರಿಳಿತವನ್ನು ನಂಬಬೇಡಿ. ಫೈಲೇ ಸಿಗದಿದ್ದರೆ, ಯಾಕೆ ಸಿಗುತ್ತಿಲ್ಲ ಎಂದು ಕೇಳಿ. ಅದು ನಮ್ಮ ದುಡ್ಡಿನಲ್ಲಿ, ನಮ್ಮ ಮನೆಗಳಿಗೆ ಬಂದು ಕೇಳಿಕೊಂಡು ಹೋದ ಮಾಹಿತಿ.