ಶತಮಾನ ಕಳೆದರೂ ಸೊಂಟದಿಂದಿಳಿಯದ ಬ್ರೌನಿಂಗ್ ಪಿಸ್ತೂಲು

ಕಾರ್ಕಳ: ಘಟ್ಟದ ತಪ್ಪಲಿನ ಕಾರ್ಕಳ, ಹೆಬ್ರಿ ಕಡೆಯ ಕೃಷಿಕರಿಗೆ ಕೋವಿ ಹೊಸತಲ್ಲ. ಕಾಡುಪ್ರಾಣಿಗಳಿಂದ ಬೆಳೆ ಉಳಿಸಿಕೊಳ್ಳಲು ಪರವಾನಗಿ ಪಡೆದ ಕೇಪಿನ ಕೋವಿ, ತೋಟೆ ಕೋವಿಗಳು ಇಲ್ಲಿನ ಎಷ್ಟೋ ಮನೆಗಳಲ್ಲಿವೆ. ಚುನಾವಣೆ ಘೋಷಣೆಯಾಯಿತೆಂದರೆ ಅವನ್ನು ಠಾಣೆಗೆ ಒಯ್ದು ಠೇವಣಿ ಇಡುವ ತಾಪತ್ರಯವೂ ತಪ್ಪಿದ್ದಲ್ಲ. 2003ರ ನವೆಂಬರ್‌ನಲ್ಲಿ ಈದುವಿನಲ್ಲಿ ನಡೆದ ಎನ್‌ಕೌಂಟರ್‌ನ ನಂತರದ ಎರಡು ದಶಕಗಳಲ್ಲಿ ನಕ್ಸಲ್ ನಿಗ್ರಹ ಪಡೆಯ ಸಶಸ್ತ್ರ ಸಿಬ್ಬಂದಿಯೂ ಈ ಭಾಗದವರಿಗೆ ಚಿರಪರಿಚಿತರಾದರು. ಆದರೆ ಪಿಸ್ತೂಲು ಮಾತ್ರ ಸಾಮಾನ್ಯರ ಕೈಗೆ ಎಟುಕದ, ಅಧಿಕಾರಿಗಳ ಸೊಂಟದಲ್ಲಷ್ಟೇ ಕಾಣುವ ವಸ್ತು.

ಭಾರತದ ಸೇನೆ ಮತ್ತು ಪೊಲೀಸ್ ಪಡೆಗಳಲ್ಲಿ ದಶಕಗಳಿಂದ ಬಳಕೆಯಲ್ಲಿರುವ 9 ಎಂಎಂ ಪಿಸ್ತೂಲು ತಯಾರಾಗುವುದು ಪಶ್ಚಿಮ ಬಂಗಾಳದ ಇಶಾಪುರ ರೈಫಲ್ ಕಾರ್ಖಾನೆಯಲ್ಲಿ. ಅದರ ಮೂಲ ವಿನ್ಯಾಸ ಮಾತ್ರ 1926ರಲ್ಲೇ ತೀರಿಕೊಂಡ ಅಮೆರಿಕದ ಬಂದೂಕು ತಯಾರಕರೊಬ್ಬರದು. ಅವರೇ ಜಾನ್ ಮೋಸಸ್ ಬ್ರೌನಿಂಗ್. ಮಣಿಪಾಲದ ಹಾಸ್ಟೆಲುಗಳಲ್ಲಿ ಮೊಬೈಲಿನ ಯುದ್ಧದಾಟ ಆಡುವ ಹುಡುಗರು ಪಿ1911 ಎಂಬ ಪಿಸ್ತೂಲನ್ನು ಬಲ್ಲರು. ಅದರ ಹಿಂದಿರುವುದೂ ಈ ವ್ಯಕ್ತಿಯೇ.

ಬ್ರೌನಿಂಗ್ ಜನಿಸಿದ್ದು 1855ರ ಜನವರಿ 23ರಂದು, ಯೂಟಾ ಪ್ರಾಂತ್ಯದ ಆಗ್ಡನ್ ಎಂಬ ಊರಿನಲ್ಲಿ. ತಂದೆ ಜೊನಾಥನ್ ಬ್ರೌನಿಂಗ್ ಮಾರ್ಮನ್ ಪಂಥದವರು, ವೃತ್ತಿಯಲ್ಲಿ ಬಂದೂಕಿನ ಕಮ್ಮಾರರು. ಅವರಿಗೆ ಮೂವರು ಪತ್ನಿಯರು, 22 ಮಕ್ಕಳು. ಅಂತಹ ತುಂಬು ಸಂಸಾರದಲ್ಲಿ ಜಾನ್‌ಗೆ ಆಟದ ಮೈದಾನವಾಗಿ ಒದಗಿದ್ದು ತಂದೆಯ ಅಂಗಡಿಯ ಗುಜರಿ ರಾಶಿ. ಹತ್ತನೇ ವಯಸ್ಸಿನಲ್ಲಿ ಆ ರಾಶಿಯಿಂದಲೇ ಹಳೆಯ ನಳಿಗೆಯೊಂದನ್ನು ಹೆಕ್ಕಿ ಬಾಲಕ ತನ್ನ ಮೊದಲ ಬಂದೂಕನ್ನು ಜೋಡಿಸಿದ. ಶಾಲೆಯ ಓದು ಹೆಚ್ಚು ಕಾಲ ನಡೆಯಲಿಲ್ಲ.

1879ರಲ್ಲಿ ತಂದೆ ತೀರಿಕೊಂಡರು. ಒಂದೇ ಗುಂಡಿನ ರೈಫಲ್‌ಗೆ ಬ್ರೌನಿಂಗ್ ಮೊದಲ ಪೇಟೆಂಟ್ ಪಡೆದದ್ದೂ ಅದೇ ವರ್ಷ. ಸಹೋದರರೆಲ್ಲ ಸೇರಿ ಕಟ್ಟಿದ ಚಿಕ್ಕ ಕಾರ್ಖಾನೆಯಿಂದ ಹೊರಬಂದ ಆ ರೈಫಲು ವಿಂಚೆಸ್ಟರ್ ಕಂಪೆನಿಯ ಕಣ್ಣಿಗೆ ಬಿತ್ತು. 1883ರಲ್ಲಿ ಕಂಪೆನಿಯ ಟಿ.ಜಿ. ಬೆನೆಟ್ ಸ್ವತಃ ಆಗ್ಡನ್‌ಗೆ ಬಂದು 8 ಸಾವಿರ ಡಾಲರ್ ಕೊಟ್ಟು ಅದರ ಹಕ್ಕನ್ನು ಖರೀದಿಸಿದರು. ಮುಂದಿನ ಎರಡು ದಶಕ ವಿಂಚೆಸ್ಟರ್ ಹೆಸರಿನಲ್ಲಿ ಮಾರಾಟವಾದ ಹಲವು ಪ್ರಸಿದ್ಧ ಬಂದೂಕುಗಳು ವಾಸ್ತವದಲ್ಲಿ ಬ್ರೌನಿಂಗ್‌ರವು. ನಡುವೆ 1887ರಿಂದ ಎರಡು ವರ್ಷ ಅವರು ಕೆಲಸ ಬದಿಗಿಟ್ಟು ಜಾರ್ಜಿಯಾದಲ್ಲಿ ಧರ್ಮಪ್ರಚಾರಕ್ಕೆ ತಿರುಗಿದರೆಂಬುದು ಅನೇಕರಿಗೆ ಅಚ್ಚರಿ ತರಬಹುದು.

ಮರಳಿ ಬಂದ 1889ರಲ್ಲೇ ಅವರ ಬದುಕಿನ ದಿಕ್ಕು ಬದಲಾಯಿತು. ಗುರಿ ಹೊಡೆಯುವ ಅಭ್ಯಾಸದ ವೇಳೆ, ಗುಂಡು ಹಾರಿದಾಗಲೆಲ್ಲ ನಳಿಗೆಯ ಮುಂದಿದ್ದ ಹುಲ್ಲು ಬಾಗುವುದನ್ನು ಅವರು ಗಮನಿಸಿದರು. ವ್ಯರ್ಥವಾಗಿ ಹೊರಹೋಗುವ ಆ ಅನಿಲದ ಬಲವನ್ನೇ ಮುಂದಿನ ಗುಂಡು ತುಂಬಲು ಯಾಕೆ ಬಳಸಬಾರದೆಂಬ ಯೋಚನೆ ಹುಟ್ಟಿತು. ತಾನಾಗಿಯೇ ಗುಂಡು ತುಂಬಿಕೊಳ್ಳುವ ಆಯುಧಗಳ ಬೆನ್ನು ಹತ್ತಿದ ಅವರು ಕೆಲವೇ ವರ್ಷಗಳಲ್ಲಿ ಪಿಸ್ತೂಲಿನತ್ತ ತಿರುಗಿದರು.

1902ರಲ್ಲಿ ಸ್ವಯಂಚಾಲಿತ ಶಾಟ್‌ಗನ್ನಿನ ರಾಯಧನದ ವಿಚಾರದಲ್ಲಿ ವಿಂಚೆಸ್ಟರ್ ಜತೆಗಿನ ನಂಟು ಮುರಿಯಿತು. ಬ್ರೌನಿಂಗ್ ನೇರವಾಗಿ ರೆಮಿಂಗ್ಟನ್ ಕಚೇರಿಗೆ ಹೋದರು. ಅಧ್ಯಕ್ಷರ ಭೇಟಿಗಾಗಿ ಕಾಯುತ್ತಿದ್ದಾಗ ಬಂದದ್ದು ಅವರು ಹೃದಯಾಘಾತದಿಂದ ತೀರಿಕೊಂಡ ಸುದ್ದಿ! ಬಂದೂಕನ್ನು ಹಿಡಿದುಕೊಂಡು ಬ್ರೌನಿಂಗ್ ಬೆಲ್ಜಿಯಂನ ಎಫ್‌ಎನ್ ಕಾರ್ಖಾನೆಗೆ ಹಡಗು ಹತ್ತಿದರು. ಅಲ್ಲಿ ಅವರ ಪಿಸ್ತೂಲುಗಳು ಅದಾಗಲೇ ತಯಾರಾಗುತ್ತಿದ್ದವು. ನಮ್ಮ ದೇಶದಲ್ಲಿ ಪರವಾನಗಿ ಪಡೆದ ನಾಗರಿಕರು ಇಂದಿಗೂ ಬಳಸುವ .32 ಪಿಸ್ತೂಲಿನ ತೋಟೆ ಆ ಕಾಲದಲ್ಲಿ ಅವರೇ ರೂಪಿಸಿದ್ದು.

ಅಮೆರಿಕದ ಸೇನೆಗೆ ಆಗ ಬೇರೆಯೇ ಚಿಂತೆ. ಫಿಲಿಪ್ಪೀನ್ಸ್‌ನ ಮೋರೋ ಹೋರಾಟಗಾರರು .38 ರಿವಾಲ್ವರಿನ ಗುಂಡು ತಗುಲಿದರೂ ಮುನ್ನುಗ್ಗುತ್ತಿದ್ದರು. ದಪ್ಪ ಗುಂಡಿನ ಪಿಸ್ತೂಲು ಬೇಕೆಂದು ಸೇನೆ ಹೊರಟಿತು. ವರ್ಷಗಟ್ಟಲೆ ನಡೆದ ಸ್ಪರ್ಧೆಯ ಕೊನೆಯ ಸುತ್ತು 1911ರ ಮಾರ್ಚ್‌ನಲ್ಲಿ. ಬ್ರೌನಿಂಗ್‌ರ .45 ಪಿಸ್ತೂಲಿನಿಂದ 6 ಸಾವಿರ ಗುಂಡುಗಳನ್ನು ಹಾರಿಸಲಾಯಿತು. ಮುಟ್ಟಲಾರದಷ್ಟು ಬಿಸಿಯಾದಾಗ ಅದನ್ನು ನೀರಿನಲ್ಲಿ ಅದ್ದಿ ಮತ್ತೆ ಹೊಡೆಯಲಾಯಿತು. ಪ್ರತಿಸ್ಪರ್ಧಿ ಸ್ಯಾವೇಜ್ ಪಿಸ್ತೂಲು 37 ಬಾರಿ ಕೈಕೊಟ್ಟರೆ, ಬ್ರೌನಿಂಗ್‌ರದ್ದು ಒಮ್ಮೆಯೂ ನಿಲ್ಲಲಿಲ್ಲ. ಮಾರ್ಚ್ 29ರಂದು ಸೇನೆ ಅದನ್ನು ಎಂ1911 ಎಂದು ಸ್ವೀಕರಿಸಿತು. 1985ರಲ್ಲಿ ಇಟಲಿ ಮೂಲದ ಬೆರೆಟ್ಟಾ ಆಯ್ಕೆಯಾಗುವವರೆಗೂ ಅದೇ ಸೇನೆಯ ಅಧಿಕೃತ ಪಿಸ್ತೂಲಾಗಿತ್ತು.

ಅದರ ಗುಟ್ಟು ನಳಿಗೆಯ ಚಲನೆಯಲ್ಲಿದೆ. ಗುಂಡು ಹಾರಿದೊಡನೆ ನಳಿಗೆ ಮತ್ತು ಮೇಲಿನ ಜಾರುಭಾಗ ಪರಸ್ಪರ ಬಿಗಿದುಕೊಂಡೇ ತುಸು ಹಿಂದೆ ಸರಿಯುತ್ತವೆ. ಗುಂಡು ಹೊರಹೋಗಿ ಒತ್ತಡ ಇಳಿದ ಮೇಲಷ್ಟೇ ನಳಿಗೆಯ ಹಿಂಬದಿ ಕೆಳಕ್ಕೆ ವಾಲಿ ಬಿಗಿತ ಕಳಚುತ್ತದೆ. ಜಾರುಭಾಗ ಒಂದೇ ಹಿಂದೆ ಹೋಗಿ, ಖಾಲಿ ತೋಟೆಯನ್ನು ಎಸೆದು, ಹಿಂದಿರುಗುವಾಗ ಹೊಸದನ್ನು ತಳ್ಳುತ್ತದೆ. 1982ರಲ್ಲಿ ಆಸ್ಟ್ರಿಯಾದಿಂದ ಬಂದ ಗ್ಲಾಕ್ 17 ಆಗಲಿ, 2017ರಲ್ಲಿ ಅಮೆರಿಕದ ಸೇನೆ ಆರಿಸಿಕೊಂಡ ಸಿಗ್ ಆಗಲಿ ಹಿಡಿದಿರುವುದು ಇದೇ ದಾರಿ.

ಹಾಗೆಂದು ಹಳತೇ ಮೇಲೆನ್ನಲಾಗದು. ಎಂ1911 ಪೂರ್ತಿ ಉಕ್ಕಿನದು. ಸುಮಾರು 1.1 ಕೆ.ಜಿ. ತೂಕ, ಮ್ಯಾಗಜೀನಿನಲ್ಲಿ 7 ಗುಂಡು. ಪ್ಲಾಸ್ಟಿಕ್ ಮೈಯ ಗ್ಲಾಕ್ ಮುಕ್ಕಾಲು ಕೆ.ಜಿ.ಗಿಂತ ಹಗುರ, 17 ಗುಂಡು ಹಿಡಿಯುತ್ತದೆ. ಎಂ1911ರ 15 ಗ್ರಾಂ ಗುಂಡು ಸೆಕೆಂಡಿಗೆ ಸುಮಾರು 250 ಮೀಟರ್ ವೇಗದಲ್ಲಿ ಸಾಗಿದರೆ, 9 ಎಂಎಂ ಗುಂಡು ಅದರ ಅರ್ಧದಷ್ಟೇ ತೂಗಿ ಹೆಚ್ಚು ವೇಗ ಪಡೆಯುತ್ತದೆ. ಕುದುರೆ ಎಳೆದು, ಸೇಫ್ಟಿ ಹಾಕಿ ಒಯ್ಯುವ ಎಂ1911ಕ್ಕೆ ನುರಿತ ಕೈ ಬೇಕು. ಗ್ಲಾಕ್‌ನಲ್ಲಿ ಬೆರಳಿನಿಂದ ಸರಿಸುವ ಪ್ರತ್ಯೇಕ ಸೇಫ್ಟಿಯೇ ಇಲ್ಲ, ಅದು ಟ್ರಿಗರ್‌ನೊಳಗೇ ಅಡಗಿದೆ. ಪಡೆಗಳ ದೃಷ್ಟಿಯಿಂದ ಹೊಸದೇ ಅನುಕೂಲ. ಆದರೆ ಎಂ1911ರ ಟ್ರಿಗರ್‌ನ ನಯವನ್ನು ಗುರಿಕಾರರು ಇಂದಿಗೂ ಮೆಚ್ಚುತ್ತಾರೆ.

ಬ್ರೌನಿಂಗ್ ಬದುಕಿನಲ್ಲಿ ಕರಿನೆರಳೊಂದು ಉಂಟು. 1914ರ ಜೂನ್ 28ರಂದು ಸರಾಯೆವೊದಲ್ಲಿ ಆಸ್ಟ್ರಿಯಾದ ಯುವರಾಜ ದಂಪತಿಯನ್ನು ಕೊಂದ ಗಾವ್ರಿಲೊ ಪ್ರಿನ್ಸಿಪ್ ಕೈಯಲ್ಲಿದ್ದುದು ಅವರದೇ ವಿನ್ಯಾಸದ ಎಫ್‌ಎನ್ 1910. ಆ ಗುಂಡುಗಳ ಬೆನ್ನಿಗೇ ಮೊದಲ ಮಹಾಯುದ್ಧ ಹೊತ್ತಿಕೊಂಡಿತು. ಯುದ್ಧಕ್ಕಿಳಿದ ಅಮೆರಿಕ 1917ರಲ್ಲಿ ಅವರ ಮೆಷಿನ್‌ಗನ್, ಸ್ವಯಂಚಾಲಿತ ರೈಫಲ್‌ಗಳನ್ನೇ ನೆಚ್ಚಿತು. ರಾಯಧನದ ಲೆಕ್ಕದಲ್ಲಿ ಕೋಟಿ ಡಾಲರ್ ಮೀರಬಹುದಾಗಿದ್ದ ಗಳಿಕೆಯನ್ನು ಬಿಟ್ಟು ಸರಕಾರ ಕೊಟ್ಟ ಏಳೂವರೆ ಲಕ್ಷ ಡಾಲರಿಗೆ ಅವರು ಒಪ್ಪಿದರು. ಅದೇ ಆಯುಧಗಳೊಂದಿಗೆ ಮಗ ವಾಲ್ ಫ್ರಾನ್ಸ್‌ನ ರಣರಂಗಕ್ಕೆ ಹೋದರು.

ಒಟ್ಟು 128 ಪೇಟೆಂಟ್‌ಗಳು ಅವರ ಹೆಸರಿನಲ್ಲಿವೆ. 1926ರ ನವೆಂಬರ್ 26ರಂದು ಬೆಲ್ಜಿಯಂನ ಲೀಜ್‌ನಲ್ಲಿ, ಎಫ್‌ಎನ್ ಕಾರ್ಖಾನೆಯ ಆವರಣದಲ್ಲೇ, ಹೊಸ ಪಿಸ್ತೂಲಿನ ಕೆಲಸದ ನಡುವೆ ಹೃದಯಾಘಾತದಿಂದ ಕೊನೆಯುಸಿರೆಳೆದರು. ವಯಸ್ಸು 71. ಆ ಪಿಸ್ತೂಲಿನ ಪೇಟೆಂಟ್ ಮಂಜೂರಾದದ್ದು ಮರುವರ್ಷ ಫೆಬ್ರವರಿಯಲ್ಲಿ. ಅರ್ಧಕ್ಕೆ ನಿಂತದ್ದನ್ನು ಡ್ಯೂಡೊನೆ ಸೈವ್ ಎಂಬ ಬೆಲ್ಜಿಯಂ ವಿನ್ಯಾಸಕಾರ ಪೂರ್ಣಗೊಳಿಸಿ, 1935ರಲ್ಲಿ 13 ಗುಂಡುಗಳ ಹೈ ಪವರ್ ಆಗಿ ಹೊರತಂದರು. ಎರಡನೇ ಮಹಾಯುದ್ಧದಲ್ಲಿ ಬೆಲ್ಜಿಯಂ ಆಕ್ರಮಿಸಿದ ಜರ್ಮನರು ಅದನ್ನು ತಮಗಾಗಿ ಮಾಡಿಸಿಕೊಂಡರು. ಮಿತ್ರಪಡೆಗಳಿಗಾಗಿ ಕೆನಡಾದ ಇಂಗ್ಲಿಸ್ ಕಾರ್ಖಾನೆ ಅದನ್ನೇ ತಯಾರಿಸಿತು. ಆ ಕೆನಡಾ ಮಾದರಿಯೇ ಇಶಾಪುರದ 9 ಎಂಎಂ ಪಿಸ್ತೂಲಾಗಿ ನಮ್ಮ ಅಧಿಕಾರಿಗಳ ಸೊಂಟಕ್ಕೆ ಬಂದಿದೆ.